ತಳದ ತುತ್ತು

ನಮ್ಮನೆಯವರು ಮೊದಲ ಸಲ ಊರಿಗೆ ಒಂದು ಪೂರ್ತಿ ಸುತ್ತು ಹಾಕಿ ಓಡಿ ಬಂದ ಬೆಳಗ್ಗೆ ನಾನು ಜಗಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೂತವಳು ಕೂತ ಹಾಗೆಯೇ ಏದುಸಿರು ಬಿಡತೊಡಗಿದೆ. ಎದೆ ಡವಡವ ಎಂದಿತು, ರವಿಕೆ ಬೆನ್ನಿಗೆ ಅಂಟಿತು, ಮೀನಖಂಡ ಹಿಡಿದುಕೊಂಡಿತು. ಕಾಲು ಚಾಚಲು ಹೋಗಿ ಮೊರ ಸಮೇತ ಅಕ್ಕಿ ಅಂಗಳಕ್ಕೆ ಚೆಲ್ಲಿದೆ. ಅಷ್ಟರಲ್ಲಿ ಅವರು ಗೇಟು ತೆಗೆದು ಒಳಗೆ ಬಂದರು. ಮುಖದಲ್ಲಿ ಆಗತಾನೆ ಸ್ನಾನ ಮಾಡಿ ಬಂದವರ ಕಳೆ. "ಎಷ್ಟು ಹಗುರ ಅನ್ನಿಸ್ತಿದೆ ಗೊತ್ತಾ ಸರ್ವೀ! ಇನ್ನೊಂದು ಸುತ್ತು ಹೋಗ್ಬಹುದಿತ್ತು" ಅಂದರು. "ಹೋಗೋದಾದ್ರೆ ನನ್ನ ಹೆಣ ದಾಟ್ಕೊಂಡು ಹೋಗಿ" ಅಂದೆ. ಅಷ್ಟು ಹೇಳುವುದಕ್ಕೇ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು.

ನಮ್ಮೂರಿನವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಬೆಳಗಿನ ತಿಂಡಿಯನ್ನು ಒಂದೇ ಪಾತ್ರೆಯಿಂದ ಬಡಿಸಿಕೊಂಡು ತಿಂದವರೆಲ್ಲರ ಆ ದಿನದ ದಣಿವು ಆ ಪಾತ್ರೆಯ ತಳ ಕೆರೆದು ತಿಂದವರಿಗೆ ಹೋಗುತ್ತದೆ. ಯಾಕೆ ಎಂದು ಯಾರೂ ಕೇಳಿಲ್ಲ, ಹೊಂದಿಕೊಂಡಿದ್ದೇವೆ. ಮದುವೆ ಮನೆಗಳಲ್ಲಿ ತಿಂಡಿಯ ಮೊದಲ ಪಂಕ್ತಿಗೇ ನೂಕುನುಗ್ಗಲು. ಕೊನೇ ಪಂಕ್ತಿಗೆ ಗಂಡಿನ ಕಡೆಯ ಯಾರೋ ಒಬ್ಬ ಸಾಧು ನೆಂಟ ಸಿಕ್ಕಿಬೀಳುತ್ತಾನೆ. ಮುಹೂರ್ತದ ಹೊತ್ತಿಗೆ ಅವನನ್ನು ಉಗ್ರಾಣದಲ್ಲಿ ಮಲಗಿಸಿ ಗಾಳಿ ಹಾಕುತ್ತಿರುತ್ತಾರೆ. ಬಸ್ ನಿಲ್ದಾಣದ ಹೋಟೆಲಿನವರು ಉಪ್ಪಿಟ್ಟಿನ ತಳವನ್ನು ಒಂದು ಕೆಂಚು ನಾಯಿಗೆ ಹಾಕುತ್ತಾರೆ. ಊರಿನ ಹಮಾಲರೆಲ್ಲ ಅಲ್ಲೇ ತಿನ್ನುವುದರಿಂದ ಆ ನಾಯಿ ಇಡೀ ದಿನ ಮೆಟ್ಟಿಲ ಮೇಲೆ ನಾಲಿಗೆ ಚಾಚಿಕೊಂಡು ಬಿದ್ದಿರುತ್ತದೆ. ದೋಸೆ ಮಾಡಿದ ದಿನ ಹೇಗೆ ಎಂದು ಹೊರಗಿನವರು ಬುದ್ಧಿವಂತರ ಹಾಗೆ ಕೇಳುತ್ತಾರೆ. ಕೊನೇ ದೋಸೆ ಯಾರು ತಿಂದರೋ ಅವರೇ, ಇನ್ನೇನು? ಹಳೇ ಸುಂಕದ ಗೇಟು ದಾಟಿದರೆ ಮಾತ್ರ ಈ ಕಟ್ಟಳೆ ನಡೆಯುವುದಿಲ್ಲ, ಅಲ್ಲಿಂದಾಚೆ ಅವರವರ ದಣಿವು ಅವರವರಿಗೆ.

ಇನ್ನು ಮನೆಗಳಲ್ಲಿ ಪಾತ್ರೆಯ ತಳ ಯಾರ ಪಾಲಿಗೆ ಬರುತ್ತದೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಾನು ಮದುವೆಯಾಗಿ ಬಂದ ಮಾರನೇ ದಿನವೇ ನಮ್ಮತ್ತೆ ಗಿರಿಜಾಂಬನವರು ಅವಲಕ್ಕಿಯ ಬೋಗುಣಿಯನ್ನು ನನ್ನ ಕಡೆ ತಳ್ಳಿ, "ಇನ್ಮೇಲೆ ತಳ ನಿಂದು ಕಣಮ್ಮ, ನಂಗೆ ಸಾಕಾಯ್ತು" ಅಂದುಬಿಟ್ಟರು. ಅಂದು ಒರಗುಕುರ್ಚಿಯಲ್ಲಿ ಕಾಲು ನೀಡಿ ಕೂತವರು ಇವತ್ತಿಗೂ ಸರಿಯಾಗಿ ಎದ್ದಿಲ್ಲ. ನಾನೂ ಗೊಣಗಲಿಲ್ಲ. ನಮ್ಮನೆಯವರು ಚಂದ್ರಮೌಳಿಯವರದು ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಬೆಳಗ್ಗೆ ಶಟರ್ ಎತ್ತಿದಾಗ ನನ್ನ ಭುಜ ಒಂದು ಸಲ ಚುಳುಕ್ ಅನ್ನುತ್ತಿತ್ತು, ರಾತ್ರಿ ಇಳಿಸಿದಾಗ ಇನ್ನೊಂದು ಸಲ. ಅಷ್ಟನ್ನು ಯಾವ ಹೆಂಡತಿಯಾದರೂ ತಡೆದುಕೊಳ್ಳುತ್ತಾಳೆ.

ಹಾಳಾಗಿದ್ದು ದನದ ಡಾಕ್ಟರು ಇಂದುಧರನಿಂದ. ಮದುವೆಯಿಲ್ಲ, ಮಕ್ಕಳಿಲ್ಲ, ತಾನೇ ಬೇಯಿಸಿಕೊಂಡು ತಾನೊಬ್ಬನೇ ತಿನ್ನುವ ಪ್ರಾಣಿ. ಅವನು ಒಂದು ದಿನ ಅಂಗಡಿಗೆ ಬಂದು ಪವರ್ ಇರುವ ಈಜುಕನ್ನಡಕ ಬೇಕೆಂದು ಕೇಳಿದ. ಯಾಕಪ್ಪಾ ಅಂದರೆ ಟ್ರಯಥ್ಲಾನ್ ಅಂದ. ಮೊದಲು ಈಜಬೇಕು, ನೀರಿನಿಂದ ಎದ್ದವನೇ ಸೈಕಲ್ ತುಳಿಯಬೇಕು, ಸೈಕಲ್ ಇಳಿದವನೇ ಓಡಬೇಕು. ಸಮುದ್ರದ ನಡುವೆ ಒಂದು ದ್ವೀಪದಲ್ಲಿ ಇದರ ದೊಡ್ಡ ರೇಸು ನಡೆಯುತ್ತದಂತೆ. ಸಿಕ್ಕಸಿಕ್ಕವರನ್ನೆಲ್ಲ ಅಲ್ಲಿ ಸೇರಿಸುವುದಿಲ್ಲ. ಮೊದಲು ಜಿಲ್ಲಾ ಕೇಂದ್ರದ ರೇಸಿನಲ್ಲಿ ಹೊತ್ತಿಗೆ ಸರಿಯಾಗಿ ಗೆರೆ ಮುಟ್ಟಿ ಕ್ವಾಲಿಫೈ ಆಗಬೇಕಂತೆ. ನಮ್ಮನೆಯವರು ಇದೆಲ್ಲ ಕೇಳಿಕೊಂಡು ಮನೆಗೆ ಬಂದು ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತರು. ನಲವತ್ತೆಂಟರ ಗಂಡಸು ಕನ್ನಡಿ ಮುಂದೆ ಹಾಗೆ ನಿಂತರೆ ಹೆಂಡತಿಯಾದವಳು ಕೂಡಲೇ ಕನ್ನಡಿ ತೆಗೆದಿಡಬೇಕು, ನನಗೆ ಹೊಳೆಯಲಿಲ್ಲ.

ಇಬ್ಬರೂ ಸೇರಿ ಕರಾವಳಿಯ ಒಬ್ಬ ಕೋಚನ್ನು ಹಿಡಿದರು. ಹೆಸರು ಬೋನಿಫೇಸ್. ಫೋನಿನಲ್ಲೇ ಪಾಠ. ಅವರದು ಮೂರು ವರ್ಷದ ಲೆಕ್ಕ. ಮೊದಲ ವರ್ಷ ಬರೀ ಅಡಿಪಾಯ, ಎರಡನೇ ವರ್ಷ ಗೋಡೆ, ಮೂರನೇ ವರ್ಷ ಕ್ವಾಲಿಫೈ. ಪ್ರತಿ ಸಂಜೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತು ದಣಿವು ಹತ್ತಕ್ಕೆ ಎಷ್ಟು ಮಾರಾಯ್ರೆ?" ಇಂದುಧರ "ಒಂಬತ್ತು ಸಾರ್, ಸತ್ತೆ ಸಾರ್" ಅನ್ನುತ್ತಿದ್ದ. ನಮ್ಮನೆಯವರು ಎದೆಯುಬ್ಬಿಸಿ "ಸೊನ್ನೆ" ಅನ್ನುತ್ತಿದ್ದರು. ಸುಳ್ಳೇನಲ್ಲ, ಅವರದು ಸೊನ್ನೆಯೇ. ಒಂಬತ್ತು ಇತ್ತಲ್ಲ, ಅದು ಸೋಫಾದ ಮೇಲೆ ಮಕಾಡೆ ಮಲಗಿ "ರೀ, ಫ್ಯಾನ್ ಹಾಕ್ರೀ" ಅನ್ನುತ್ತಿತ್ತು. ಕೋಚಿಗೆ ನಮ್ಮೂರಿನ ಕಟ್ಟಳೆ ಗೊತ್ತಿಲ್ಲ, ಇವರಿಗೆ ಹೇಳಬೇಕೆಂದು ತೋಚಲಿಲ್ಲ. "ನಿಮ್ಮದು ಎಂತ ದೇಹ ಮಾರಾಯ್ರೆ! ನಾನು ಇಷ್ಟು ಜನರನ್ನು ನೋಡಿದ್ದೇನೆ, ಹೀಗೆ ಒಬ್ಬರನ್ನೂ ಕಂಡಿಲ್ಲ" ಎಂದು ಅವರು ದಿನದಿನಕ್ಕೆ ದೂರ ಏರಿಸುತ್ತಾ ಹೋದರು. ಕೊನೆಗೆ ಒಂದು ಸಂಜೆ, "ನಿಮಗೆ ಮೂರು ವರ್ಷ ಎಲ್ಲ ಬೇಡ, ಈ ವರ್ಷವೇ ರೇಸಿಗೆ ಹೆಸರು ಕೊಡಿ. ಇಂದುಧರ ನಿಧಾನಕ್ಕೆ ಬರಲಿ, ಅವನಲ್ಲಿ ಅಂಥ ಸರಕು ಇಲ್ಲ" ಅಂದುಬಿಟ್ಟರು.

ಅವತ್ತು ಗಂಡ ಹೆಂಡಿರ ನಡುವೆ ಮಾತಾಯಿತು. "ನೋಡಿ, ನನ್ನ ಕೈಲಿ ಇದು ಆಗಲ್ಲ. ನಿಲ್ಲಿಸಿಬಿಡಿ" ಅಂದೆ. ಅವರು ನನ್ನ ಪಕ್ಕ ಕೂತು ಕಾಲು ಒತ್ತಿದರು. ಒತ್ತಿದ್ದರ ದಣಿವೂ ನನಗೇ ಬಂತು, ಆದರೂ ಹಿತವಾಗಿತ್ತು. "ಇದೊಂದು ರೇಸು ಸರ್ವೀ. ಕ್ವಾಲಿಫೈ ಆಗಿ ದ್ವೀಪಕ್ಕೆ ಹೋಗಿ ಬಂದ್ರೆ ಮುಗೀತು, ಸೈಕಲ್ ಅಟ್ಟಕ್ಕೆ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಮಾತ್ರ ಕೋಚ್ ಹೇಳಿದ ಮೂರು ವರ್ಷದ ದಾರಿನೇ ಹಿಡೀಬೇಕಾಗುತ್ತೆ. ಜೀವನದಲ್ಲಿ ಒಂದೇ ಒಂದು ಆಸೆ ಕಣೇ ನಂದು" ಅಂದರು. ಮೂರು ವರ್ಷ! ಅವತ್ತಿನಿಂದ ಅವರು ಕ್ವಾಲಿಫೈ ಆಗಬೇಕೆಂದು ಅವರಿಗಿಂತ ನಾನೇ ಹೆಚ್ಚು ಹರಕೆ ಹೊತ್ತೆ.

ತಪ್ಪಿಸಿಕೊಳ್ಳಲು ನೋಡಲಿಲ್ಲ ಎಂದಲ್ಲ. ಒಂದು ವಾರ ಉಪ್ಪಿಟ್ಟಿನ ತಳವನ್ನು ಕರಿಬೇವಿನ ಗಿಡಕ್ಕೆ ಹಾಕಿದೆ. ಗಿಡ ಜೋತುಬಿದ್ದು ಎಲೆಯೆಲ್ಲ ಉದುರಿಸಿತು. ಅತ್ತೆ ಕುರ್ಚಿಯಿಂದಲೇ "ಸಾರಿನ ಒಗ್ಗರಣೆಗೆ ಇನ್ನು ನಿನ್ನ ಜಡೆ ಹಾಕ್ತೀಯೇನೇ?" ಎಂದು ಬೈದರು. ಆಮೇಲೆ ಪಕ್ಕದ ಮನೆಯ ಎಮ್ಮೆಗೆ ಕೊಟ್ಟೆ. ಅದು ಮಧ್ಯಾಹ್ನದ ಹೊತ್ತಿಗೆ ಕಾಲು ಮಡಚಿ ಕುಸಿದು ಕೂತಿತು, ಹಾಲು ಬತ್ತಿತು. ಇಂದುಧರ ಬಂದು ಪರೀಕ್ಷೆ ಮಾಡಿ ನನ್ನ ಕಡೆ ತಿರುಗಿ, "ಅಕ್ಕಾ, ಇವತ್ತು ಮೌಳಿ ಸೈಕಲ್ ತುಳಿದ್ನಾ?" ಅಂದ. ನಾನು ಆಕಾಶ ನೋಡಿದೆ. ಎಮ್ಮೆಯವರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ಹಾಗಾಗಿ ತಳ ಮತ್ತೆ ನನ್ನ ತಟ್ಟೆಗೇ ಬಂತು. ನಮ್ಮನೆಯವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೂತಲ್ಲೇ ಹೇಳುವಷ್ಟು ಪಳಗಿದೆ. ಭುಜ ಎತ್ತಿ ಜಡೆ ಹೆಣೆಯಲಾಗದಿದ್ದರೆ ಕ್ವಾರಿಯ ಹೊಂಡದಲ್ಲಿ ಈಜುತ್ತಿದ್ದಾರೆ. ತೊಡೆ ಉರಿದರೆ ಸೈಕಲ್. ಉಸಿರು ಸಿಕ್ಕದಿದ್ದರೆ ಓಟ, ಅದೂ ದಾರಿಯಲ್ಲಿ ಯಾರೋ ಹೆಂಗಸರು ನೋಡುತ್ತಿದ್ದಾರೆ ಎಂದು ಜೋರಾಗಿ ಓಡುತ್ತಿದ್ದಾರೆ. ನಮ್ಮ ಅಣ್ಣನ ಮೊಮ್ಮಗುವಿನ ನಾಮಕರಣದಲ್ಲಿ ಜೋಗುಳ ಹಾಡುತ್ತಾ ನಿಂತಿದ್ದವಳು ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕುಸಿದೆ. ಮುಖಕ್ಕೆ ನೀರು ಚಿಮುಕಿಸಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, "ಏನು ಸರ್ವಮಂಗಳಾ, ಈ ವಯಸ್ಸಲ್ಲಿ ಏನಾದ್ರೂ ವಿಶೇಷನಾ?" ಎಂದು ಕೇಳಿ ನಕ್ಕರು. ನಮ್ಮನೆಯವರು ಆಗ ಬೈಪಾಸು ರಸ್ತೆಯಲ್ಲಿ ಎದುರುಗಾಳಿಗೆ ಸೈಕಲ್ ತುಳಿಯುತ್ತಿದ್ದರು. ನಾಚಿಕೆಯಿಂದ ನನಗೆ ಅಳುವೇ ಬಂತು.

ರೇಸಿನ ಹಿಂದಿನ ದಿನ ಜಿಲ್ಲಾ ಕೇಂದ್ರಕ್ಕೆ ಹೊರಟೆವು. ಬಸ್ಸು ಸುಂಕದ ಗೇಟು ದಾಟುವಾಗ ನನಗೆ ಒಂದು ಅನುಮಾನ ಬಂದಿತ್ತು. "ರೀ, ಇನ್ನಾಚೆ ದಣಿವು ನಿಮ್ಮದೇ ಅಲ್ವಾ? ತಡೀತೀರಾ?" ಅಂದೆ. "ವರ್ಷಪೂರ್ತಿ ತಾಲೀಮು ಮಾಡಿದೀನಲ್ಲೇ. ಮೈ ಹದವಾಗಿರಲ್ವಾ?" ಅಂದರು. ಹೌದಲ್ಲ ಅನ್ನಿಸಿತು. ಇಬ್ಬರೂ ನಂಬಿದೆವು. ಅವರು ಹೊರ ಊರಿಗೆ ಹೋದಾಗ ಬಸ್ಸು ಹತ್ತಿ ಇಳಿದದ್ದು ಬಿಟ್ಟರೆ ಜನ್ಮದಲ್ಲಿ ಮೈ ದಣಿಸಿದವರಲ್ಲ ಎಂಬುದು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಮರುದಿನ ಬೆಳಗ್ಗೆ ನಾನು ಎದ್ದಾಗ ಮೈಯಲ್ಲಿ ಒಂದಿಷ್ಟೂ ನೋವಿರಲಿಲ್ಲ. ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡೆ.

ಕೆರೆಯ ದಂಡೆಯಲ್ಲಿ ಜನವೋ ಜನ. ಪೀಪಿ ಊದಿದ ಕೂಡಲೇ ಎಲ್ಲರೂ ದಬದಬ ನೀರಿಗೆ ಬಿದ್ದರು. ಈಜಿ ಮೇಲೆ ಬಂದವರಲ್ಲಿ ನಮ್ಮನೆಯವರು ಕೊನೆಯವರಿಗಿಂತ ಸ್ವಲ್ಪ ಮುಂದೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಗ್ಗದಾಚೆ ನಿಂತ ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು, ಮಾತು ಹೊರಡಲಿಲ್ಲ. ತಡವರಿಸುತ್ತಾ ಸೈಕಲ್ ಹತ್ತಿ ಹೋದರು. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು. ಸುಮಾರು ಹೊತ್ತಾದ ಮೇಲೆ ಮೈಕಿನಲ್ಲಿ ಕೂಗಿದರು: ಚಂದ್ರಮೌಳಿ ಎಂಬವರು ಕಬ್ಬಿನ ಗಾಣದ ಹತ್ತಿರ ರಸ್ತೆಬದಿಯಲ್ಲಿ ಮಲಗಿದ್ದಾರೆ, ಹೃದಯ ನಿಲ್ಲುತ್ತಿದೆ ಅನ್ನುತ್ತಿದ್ದಾರೆ, ಅವರ ಕಡೆಯವರು ಯಾರಾದರೂ ಇದ್ದರೆ ಬರಬೇಕು.

ಬರುವುದೇನು, ನಾನು ಆಗಲೇ ಹೊರಟಿದ್ದೆ. ಚಪ್ಪಲಿ ಬಿಟ್ಟೆ, ಸೆರಗು ಬಿಗಿದೆ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ, ಓಡಿದೆ. ದೇವರೇ, ನನ್ನ ಗಂಡನನ್ನು ಉಳಿಸಿಕೊಡು, ಮೂರು ವರ್ಷವಲ್ಲ ಮೂವತ್ತು ವರ್ಷ ತಳ ತಿನ್ನುತ್ತೇನೆ ಎಂದು ಬಾಯಲ್ಲಿ ಹೇಳುತ್ತಲೇ ಓಡಿದೆ. ಸೈಕಲ್ ಮುಗಿಸಿ ಆಗಲೇ ಓಡುತ್ತಿದ್ದ, ನಂಬರು ಕಟ್ಟಿಕೊಂಡ ಯಾರನ್ನೋ ದಾಟಿದೆ, ಆಮೇಲೆ ಇನ್ನಿಬ್ಬರನ್ನು. ರೇಸು ನೋಡಲು ಬಂದಿದ್ದ ಕೋಚ್ ಬೋನಿಫೇಸ್ ಮೋಟಾರು ಬೈಕಿನಲ್ಲಿ ಪಕ್ಕಕ್ಕೆ ಬಂದು "ಅಮ್ಮಾ, ಹತ್ತಿ ಮಾರಾಯ್ರೆ, ಗಾಣ ತುಂಬ ದೂರ ಉಂಟು" ಎಂದು ಕೂಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೂ ಎರಡು ಸಲ ಕರೆದವರು ಬೈಕಿನ ವೇಗದ ಮುಳ್ಳು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮುಳ್ಳು ನೋಡಿದರು. ಆಮೇಲೆ ಕರೆಯುವುದನ್ನು ಬಿಟ್ಟು ಸುಮ್ಮನೆ ಪಕ್ಕದಲ್ಲೇ ಬಂದರು.

ಗಾಣದ ಮುಂದೆ ಕಬ್ಬಿನ ಸಿಪ್ಪೆಯ ಮೇಲೆ ನಮ್ಮನೆಯವರು ಅಂಗಾತ ಬಿದ್ದಿದ್ದರು. ನನ್ನ ಕೈ ಹಿಡಿದುಕೊಂಡು, "ಸತ್ತೆ ಕಣೇ ಸರ್ವೀ. ಎದೆ ಒಡೆದು ಹೋಗ್ತಿದೆ. ಕಾಲಿಗೆ ಲಕ್ವ ಹೊಡೆದಿದೆ. ಬೀರು ಕೀಲಿ ಪಂಚಾಂಗದ ಹಿಂದೆ ಇದೆ" ಅಂದರು. ನಾನು ಎದೆಗೆ ಕಿವಿಯಿಟ್ಟೆ, ತೊಡೆ ಒತ್ತಿ ನೋಡಿದೆ, ಬೆವರು ಮುಟ್ಟಿದೆ. ಈ ಎದೆಬಡಿತ ನನಗೆ ಚೆನ್ನಾಗಿ ಪರಿಚಯವಿತ್ತು. ನಾಮಕರಣದ ದಿನದ್ದೇ ಇದು. ಹೋದ ಜೀವ ಬಂದಂತಾಗಿ ನಗು ಬಂತು, ಜೊತೆಗೆ ಸಿಟ್ಟೂ ಬಂತು.

"ಏನೂ ಆಗಿಲ್ಲ ಏಳ್ರೀ. ಇದು ದಣಿವು."

"ದಣಿವಾ? ದಣಿವು ಹೀಗಿರುತ್ತಾ?"

"ಹೀಗೇ ಇರುತ್ತೆ."

ಅವರು ಮೊಣಕೈ ಊರಿ ಎದ್ದು ಕೂತರು. "ನಿಂಗೆ ದಿನಾ ಹೀಗಾಗ್ತಿತ್ತಾ?"

"ದಿನಾ."

ಅವರು ಅಷ್ಟು ಜನರ ಎದುರು, ಮೈಗಂಟಿದ ಆ ರೇಸಿನ ಬಟ್ಟೆಯಲ್ಲಿ, ಕಬ್ಬಿನ ಸಿಪ್ಪೆಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ನಾನು ಸೆರಗಿನಿಂದ ಮುಖ ಒರೆಸಿದೆ. ನನಗೂ ಕಣ್ಣು ತುಂಬಿತು. ಆಮೇಲೆ ಅವರು ತಟ್ಟನೆ ಅಳು ನಿಲ್ಲಿಸಿ ನನ್ನನ್ನೇ ದಿಟ್ಟಿಸಿ ನೋಡಿದರು. "ಅಲ್ವೇ, ಅಷ್ಟು ದೂರದಿಂದ ಓಡಿಬಂದೆಯಲ್ಲ, ನಿಂಗೆ ಏದುಸಿರೇ ಇಲ್ವಲ್ಲೇ?"

ಇರಲಿಲ್ಲ. ಕೋಚ್ ಬೋನಿಫೇಸ್ ಅಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದರು. "ಅಮ್ಮಾ, ನೀವು ಎಷ್ಟು ವರ್ಷದಿಂದ ತಾಲೀಮು ಮಾಡ್ತಾ ಇದ್ದೀರಿ?" "ತಾಲೀಮೂ ಇಲ್ಲ ಏನೂ ಇಲ್ಲ. ಇಪ್ಪತ್ತು ವರ್ಷದಿಂದ ಸಂಸಾರ ಮಾಡ್ತಿದೀನಿ" ಅಂದೆ. ಆಗ ಒಂದೊಂದಾಗಿ ನಮ್ಮೂರಿನ ಕಟ್ಟಳೆಯೆಲ್ಲ ಅವರಿಗೆ ಹೇಳಬೇಕಾಯಿತು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಎಂತ ಕೆಲಸ ಮಾಡಿದ್ರಿ ಮಾರಾಯ್ರೆ! ದಣಿದ ಮೈಯೇ ಅಲ್ವಾ ಗಟ್ಟಿಯಾಗುವುದು? ಒಂದು ವರ್ಷ ನೀವು ಕಷ್ಟಪಟ್ಟು ತಯಾರು ಮಾಡಿದ್ದು ಇವರನ್ನು. ನೀವು ಹೊರಟಲ್ಲೇ ಇದ್ದೀರಿ" ಎಂದು ನಮ್ಮನೆಯವರ ಭುಜ ತಟ್ಟಿದರು. ನಾವು ಮೂವರೂ ಬೈಕಿನಲ್ಲಿ ಒತ್ತಿಕೊಂಡು ಕೆರೆಯ ಹತ್ತಿರ ಬಂದಾಗ ಹೊತ್ತು ಮೀರಲು ಇನ್ನೂ ಒಂದಿಷ್ಟು ಸಮಯವಿತ್ತು. ಇಂದುಧರ ತನ್ನ ಮೊದಲ ವರ್ಷದ ಅಡಿಪಾಯಕ್ಕೆ ಒಂದು ಅನುಭವವಾಗಲಿ ಎಂದು ಹೆಸರು ಕೊಟ್ಟಿದ್ದನಂತೆ. "ಸತ್ತೆ, ಸತ್ತೆ" ಎಂದು ನರಳುತ್ತಲೇ ಬಂದು ಗೆರೆ ಮುಟ್ಟಿ ಕ್ವಾಲಿಫೈ ಆಗಿಬಿಟ್ಟ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ಅವನಿಗೇ ಆಗಿತ್ತು. ಹೊರಡುವಾಗ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಈಜು ಸೈಕಲ್ ಎರಡೂ ಕಲಿಸುವ ವಿಷಯ, ಕಲಿಸಬಹುದು. ಈ ಮೈ ಉಂಟಲ್ಲ, ಇದನ್ನು ಕಲಿಸ್ಲಿಕ್ಕೆ ಆಗುವುದಿಲ್ಲ. ಮುಂದಿನ ವರ್ಷ ಹೆಂಗಸರ ವಿಭಾಗಕ್ಕೆ ಬನ್ನಿ" ಅಂದರು.

ಬಸ್ಸಿನಲ್ಲಿ ನಮ್ಮನೆಯವರು ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆದರು. ನಾನು ಕಿಟಕಿಯಾಚೆ ನೋಡುತ್ತಾ ಯೋಚಿಸುತ್ತಿದ್ದೆ. ಕ್ವಾಲಿಫೈ ಅಂತೂ ಆಗಲಿಲ್ಲ, ಇನ್ನು ಮೂರು ವರ್ಷದ ದಾರಿಯೇ ಗತಿ ಎಂದು ಒಂದು ಮನಸ್ಸು ಅಳುತ್ತಿತ್ತು. ಇನ್ನೊಂದು ಮನಸ್ಸು ಸೀರೆಯ ಮೇಲಿಂದಲೇ ಮೆಲ್ಲಗೆ ತೊಡೆ ಮುಟ್ಟಿ ನೋಡುತ್ತಿತ್ತು. ಮನೆಗೆ ಬಂದ ಮೇಲೆ ಅತ್ತೆ ಎಲ್ಲ ಕೇಳಿದರು. ನನ್ನನ್ನು ಕುರ್ಚಿಯ ಪಕ್ಕಕ್ಕೆ ಕರೆದು ಮೀನಖಂಡ ಹಿಸುಕಿ ನೋಡಿದರು. "ನಂದೂ ಹಿಂಗೇ ಇತ್ತು ಕಣಮ್ಮ. ಬಾವಿಯಿಂದ ಎರಡು ಕೊಡ ಒಟ್ಟಿಗೆ ಎತ್ತಿ ತರ್ತಿದ್ದೆ. ನಿಂಗೆ ತಳ ಕೊಟ್ಟು ಸುಖವಾಗಿರೋಣ ಅಂತ ಕೂತೆ. ಆಮೇಲೆ ಏಳೋಕೇ ಆಗ್ಲಿಲ್ಲ" ಅಂದರು. ಅವರ ದನಿಯಲ್ಲಿ ಅಷ್ಟು ವ್ಯಸನವನ್ನು ನಾನು ಹಿಂದೆ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಖಾರಾಬಾತು ಮಾಡಿದ್ದೆ. ನಮ್ಮನೆಯವರು ಅಡುಗೆಮನೆಗೆ ಕುಂಟುತ್ತಾ ಬಂದರು. ಮೈಯೆಲ್ಲ ನೋವು, ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗಿತ್ತು. ತಟ್ಟೆಯ ಮುಂದೆ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತರು.

"ಸರ್ವೀ, ನೀನು ಮೊದ್ಲು ತಿನ್ನು. ತಳ ನಂಗಿರಲಿ."

ನಾನು ಸೌಟು ಹಿಡಿದುಕೊಂಡೇ ನಿಂತೆ. ನಮ್ಮೂರಿನಲ್ಲಿ ಯಾವ ಗಂಡಸಿನ ಬಾಯಿಂದಲೂ ಈ ಮಾತು ಬಂದದ್ದನ್ನು ನಾನು ಕೇಳಿಲ್ಲ. ಸೋಫಾದ ಮೇಲೆ ಮಕಾಡೆ ಬಿದ್ದಾಗಲೆಲ್ಲ ಇದನ್ನು ಕೇಳಬೇಕೆಂದು ಎಷ್ಟು ಹಂಬಲಿಸಿದ್ದೆ! ಕಣ್ಣಲ್ಲಿ ನೀರು ಬಂತು, ಒಗ್ಗರಣೆಯ ಹೊಗೆ ಎಂದು ಹೇಳಿಕೊಳ್ಳಲೂ ಇಲ್ಲ. ಅವರು ಇನ್ನೂ ಹೇಳಿದರು. "ಆ ದರಿದ್ರ ಮೂರು ವರ್ಷದ ದಾರಿನೂ ಬೇಡ. ಸೈಕಲ್ ಮಾರಿಬಿಡ್ತೀನಿ. ನಿನ್ನನ್ನ ಇನ್ನು ದಣಿಸಲ್ಲ, ಆಣೆ."

ಬೇಕೆಂದು ಹರಕೆ ಹೊತ್ತದ್ದೆಲ್ಲ ಒಂದೇ ಉಸಿರಿಗೆ ಸಿಕ್ಕಿಬಿಟ್ಟಿತ್ತು. ತಟ್ಟೆ ಹಿಡಿದು ಮೊದಲು ಬಡಿಸಿಕೊಳ್ಳುವುದೊಂದೇ ಬಾಕಿ. ಆದರೆ ನನ್ನ ಕೈ ಸೀದಾ ಪಾತ್ರೆಗೆ ಹೋಗಿ ಅದನ್ನು ನನ್ನ ಕಡೆ ಎಳೆದುಕೊಂಡಿತು.

"ಸೈಕಲ್ ಮುಟ್ಟಿದ್ರೆ ಜೋಕೆ" ಅಂದೆ. "ಕೂತ್ಕೊಳ್ಳಿ, ಬಡಿಸ್ತೀನಿ. ತಳ ನಂದು."

"ಅಲ್ವೇ, ಮತ್ತೆ ನಾನು ಗಟ್ಟಿಯಾಗೋದು ಯಾವಾಗ?"

"ನಾನು ಕ್ವಾಲಿಫೈ ಆದ್ಮೇಲೆ."

ಜಗಲಿಯಿಂದ ಅತ್ತೆ, "ಒಂದು ತುತ್ತು ತಳ ನಂಗೂ ಇಡೇ" ಎಂದು ಕೂಗಿದರು. ಇಲ್ಲ ಅಂದೆ, ಒಂದು ತುತ್ತನ್ನೂ ಬಿಟ್ಟುಕೊಡಲು ನನ್ನ ಕೈಲಿ ಆಗಲಿಲ್ಲ. ನಮ್ಮನೆಯವರು ಒಂದು ಗಳಿಗೆ ನನ್ನ ಮುಖ ನೋಡಿದರು, ಪಾತ್ರೆ ನೋಡಿದರು, ಆಮೇಲೆ ತಲೆ ತಗ್ಗಿಸಿ ತಮ್ಮ ಪಾಲು ತಿಂದು ಮುಗಿಸಿದರು. ಹೊಸಿಲ ಮೇಲೆ ಕೂತು, ಹಾ ಹೂ ಎನ್ನುತ್ತಾ ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು.

"ಯಾವ ಕಡೆ ಓಡ್ಲಿ?" ಎಂದು ಕೇಳಿದರು.

"ಗುಡ್ಡದ ಕಡೆ ಹೋಗಿ" ಅಂದೆ. "ಏರು ಜಾಸ್ತಿ ಇದೆ."